ಐವತ್ತಾರು ಹುಣಸೆಬೀಜ

ಮಕ್ಕಳ ಕಲಿಕೆಯನ್ನು ಮನೆಯಲ್ಲಿ ಆಟವಾಗಿಸುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಕೇಳಿದಾಗ ಮೊದಲು ನನಗೆ ನಗು ಬಂದಿತು. ಮೂವತ್ತೆರಡು ವರ್ಷ ಚರಿತ್ರೆಯ ಅಧ್ಯಾಪಕನಾಗಿ ದುಡಿದವನು ನಾನು. ತರಗತಿಯಲ್ಲಿ ಆಟವಾಡಿದವರನ್ನು ಹೊರಗೆ ಕಳುಹಿಸಿದ್ದುಂಟೇ ಹೊರತು ಆಟವಾಡಿಸಿದ್ದಿಲ್ಲ. ಹೇಗೆ ಮಾಡಬೇಕೆಂದು ಹೇಳಿಕೊಡುವ ಅರ್ಹತೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಈ ವಿಚಾರಕ್ಕೂ ಒಂದು ಚರಿತ್ರೆಯಿದೆ. ಅದು ನಾವು ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿಲ್ಲ. ಶಾಲೆಯ ದಾಖಲೆಗಳಲ್ಲಿಲ್ಲ, ಪಂಡಿತರ ಗ್ರಂಥಗಳಲ್ಲಿಯೂ ಅಷ್ಟಿಷ್ಟು ಮಾತ್ರ. ನನ್ನ ಮಟ್ಟಿಗೆ ಅದು ಒಂದು ಹಲಸಿನ ಮಣೆಯಿಂದ ಆರಂಭವಾಗುತ್ತದೆ.

ಹಾಸನ ಸೀಮೆಯ ನಮ್ಮ ಹಳ್ಳಿಯ ಮನೆಯ ಅಟ್ಟದ ಮೇಲೆ ಒಂದು ಅಳಗುಳಿಮಣೆ ಇತ್ತು. ಯಾವ ಕಾಲದ್ದೋ ಯಾರಿಗೂ ತಿಳಿಯದು. ಗುಳಿಗಳ ಅಂಚು ಕೈ ಸವೆತದಿಂದ ನುಣುಪಾಗಿ, ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಮಳೆ ಹಿಡಿದು, ಹೊಲಗದ್ದೆಯ ಕೆಲಸ ನಿಂತು, ಮಕ್ಕಳ ಗಲಾಟೆ ಮನೆಯೊಳಗೆ ತುಂಬಿಕೊಂಡಾಗ ಅಜ್ಜಿ ಅದನ್ನು ಕೆಳಗಿಳಿಸುತ್ತಿದ್ದಳು. ಒಂದು ಹಳೆಯ ಬಟ್ಟೆಯ ಗಂಟಿನಲ್ಲಿ ಹುಣಸೆಬೀಜ. ಮಂಗಳೂರು ಕಡೆಯವರು ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಅಲ್ಲಿ ಆಟಿ ತಿಂಗಳೆಂದರೆ ಚೆನ್ನೆಮಣೆಯ ತಿಂಗಳು. ನಮ್ಮಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ. ಮಳೆಯೇ ಪಂಚಾಂಗ.

ಆಟ ಬಲ್ಲವರು ಕ್ಷಮಿಸಬೇಕು. ಅರಿಯದವರಿಗಾಗಿ ಎರಡು ಮಾತು. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಒಟ್ಟು ಐವತ್ತಾರು ಬೀಜ. ತನ್ನ ಸಾಲಿನ ಒಂದು ಗುಳಿಯ ಬೀಜವನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಸುತ್ತಬೇಕು. ಕೈ ಬರಿದಾದರೆ ಮುಂದಿನ ಗುಳಿಯಿಂದ ಎತ್ತಿ ಮುಂದುವರಿಸಬೇಕು. ಆ ಗುಳಿಯೇ ಬರಿದಾಗಿದ್ದರೆ ಅದರ ಆಚೆಗಿನ ಗುಳಿಯಲ್ಲಿ ಇದ್ದುದೆಲ್ಲ ಆಡಿದವನ ಗಳಿಕೆ. ಅಲ್ಲಿಗೆ ಅವನ ಸರದಿ ಮುಗಿಯಿತು. ಊರೂರಿಗೆ ನಿಯಮದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ. ಆದರೆ ಆಟದ ಗುಟ್ಟು ಎಲ್ಲ ಕಡೆಯೂ ಒಂದೇ. ಬೀಜ ಎತ್ತುವ ಮೊದಲೇ, ಇದು ಎಲ್ಲಿ ಹೋಗಿ ನಿಲ್ಲುತ್ತದೆ, ನಿಂತ ಮುಂದಿನ ಗುಳಿ ಬರಿದೋ ತುಂಬಿದ್ದೋ ಎಂಬುದನ್ನು ಮನಸ್ಸಿನಲ್ಲಿಯೇ ಕಂಡುಕೊಳ್ಳಬೇಕು. ಗುಳಿಯ ಬೀಜವನ್ನು ಬೆರಳಿನಿಂದ ಮುಟ್ಟಿ ಎಣಿಸುವುದು ನಮ್ಮ ಮನೆಯಲ್ಲಿ ನಿಷಿದ್ಧವಾಗಿತ್ತು. ಕಣ್ಣಿನಿಂದಲೇ ಎಣಿಸಬೇಕು. ನಾನು ದುಡುಕಿ ಕೈಹಾಕಿದಾಗಲೆಲ್ಲ ಅಜ್ಜಿ ಹೇಳುತ್ತಿದ್ದಳು: "ಎಣಿಸಿ ಕೈ ಹಾಕೋ ಮಗಾ, ಕೈ ಹಾಕಿ ಎಣಿಸ್ಬೇಡ."

ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಲೆಕ್ಕ. ಗಳಿಸಿದ ಬೀಜದಿಂದ ತನ್ನ ಗುಳಿಗಳನ್ನು ನಾಲ್ಕು ನಾಲ್ಕರಂತೆ ತುಂಬಬೇಕು. ಇಪ್ಪತ್ತು ಬೀಜ ಉಳಿದವನಿಗೆ ಐದು ಗುಳಿ ತುಂಬಿ ಎರಡು ಮುಚ್ಚಿಹೋದವು. ಮೂವತ್ತಾರು ಗಳಿಸಿದವನಿಗೆ ಏಳೂ ತುಂಬಿ ಎಂಟು ಬೀಜ ಕೈಯಲ್ಲಿ ಮಿಕ್ಕಿತು. ಮುಚ್ಚಿದ ಗುಳಿಯ ಮೇಲೆ ಒಂದು ಕಡ್ಡಿಯಿಡುವುದು ವಾಡಿಕೆ. ಆ ಕಡ್ಡಿಯನ್ನು ಕಂಡರೆ ನನಗೆ ಅಳು ಬರುತ್ತಿತ್ತು. ಆದರೂ ಅಜ್ಜಿ ಒಂದು ಸಲವಾದರೂ ಸೋತುಕೊಟ್ಟವಳಲ್ಲ. ಮಗು ಅಳುತ್ತದೆ ಎಂಬ ಕನಿಕರವಾಗಲಿ, ಮಗುವಿಗೆ ಕಲಿಸುತ್ತಿದ್ದೇನೆ ಎಂಬ ಭಾವವಾಗಲಿ ಅವಳಲ್ಲಿ ಇರಲಿಲ್ಲ. ಅವಳು ಗೆಲ್ಲಲು ಆಡುತ್ತಿದ್ದಳು. ಭಾಗಾಕಾರ, ಶೇಷ ಎಂಬ ಮಾತುಗಳನ್ನು ನಾನು ಶಾಲೆಯಲ್ಲಿ ಕೇಳುವುದಕ್ಕೆ ಎರಡು ವರ್ಷ ಮೊದಲೇ ಆ ಕಡ್ಡಿಗಳ ಮೂಲಕ ಅವು ನನಗೆ ಪರಿಚಯವಾಗಿದ್ದವು. ಪರಿಚಯವಾಗಿದ್ದವು ಎಂಬುದು ತಿಳಿದದ್ದು ಮಾತ್ರ ಬಹಳ ತಡವಾಗಿ.

೧೯೬೧ರ ಜನಗಣತಿಯ ದಿನಗಳು. ಎಣಿಕೆಯವರು ನಮ್ಮ ಜಗಲಿಯ ಮೇಲೆ ಕುಳಿತು ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರು. ಆಗ ನಾನು ಪ್ರೌಢಶಾಲೆಯ ವಿದ್ಯಾರ್ಥಿ. ಅಪ್ಪ ಊರಿನಲ್ಲಿರಲಿಲ್ಲವಾದ್ದರಿಂದ ಉತ್ತರ ಹೇಳುವ ಹಿರಿತನ ನನ್ನ ಪಾಲಿಗೆ ಬಂದಿತ್ತು. "ನಿಮ್ಮ ಅಜ್ಜಿಯವರಿಗೆ ಓದುಬರಹ?" ಎಂದು ಕೇಳಿದರು. "ಬರೋದಿಲ್ಲ ಸಾರ್" ಎಂದೆ, ಥಟ್ಟನೆ. ಒಳಗೆ ಅಜ್ಜಿ ರಾಗಿ ಕೇರುತ್ತಿದ್ದಳು. ಮೊರದ ಸದ್ದು ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು. ನನ್ನ ಉತ್ತರ ಸುಳ್ಳಲ್ಲ. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ, ಹೆಬ್ಬೆಟ್ಟೇ ಅವಳ ರುಜು. ಆ ಮನೆಯಲ್ಲಿ ನನಗೆ ಎಣಿಕೆ ಕಲಿಸಿದವಳು ಆಕೆಯೆಂದು ಹೇಳುವುದಕ್ಕೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಜಾಗವಿದ್ದಿದ್ದರೆ ನಾನು ಹೇಳುತ್ತಿದ್ದೆನೇ? ಇಲ್ಲ. ಆ ವಯಸ್ಸಿನಲ್ಲಿ ಅದು ಕಲಿಕೆಯೆಂದು ನಾನೂ ತಿಳಿದಿರಲಿಲ್ಲ.

ಚರಿತ್ರೆಯನ್ನು ವೃತ್ತಿಯಾಗಿ ಹಿಡಿದ ಮೇಲೆ ಇಂಥದೇ ಇನ್ನೊಂದು ಎಣಿಕೆ ನನ್ನ ಕಣ್ಣಿಗೆ ಬಿತ್ತು. ೧೮೨೨ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಅಧೀನದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಕಲಿಯುತ್ತಾರೆ ಎಂದು ಕಲೆಕ್ಟರುಗಳನ್ನು ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಅವುಗಳಲ್ಲೆಲ್ಲ ಹೆಸರಾದದ್ದು. ಅಂದಿನ ಬಳ್ಳಾರಿಯಲ್ಲಿ ಇಂದಿನ ಅನಂತಪುರದ ಸೀಮೆಯೂ ಸೇರಿತ್ತು. ಒಂಬತ್ತು ಲಕ್ಷಕ್ಕೂ ಮೀರಿದ ಜನ. ಶಾಲೆಗಳು ೫೩೩, ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಕಲಿಯುತ್ತಿದ್ದ ಮಕ್ಕಳು ೬,೬೪೧. ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳೆಷ್ಟು? ಅರವತ್ತು.

ಆ ಕೂಲಿಮಠಗಳ ಒಳಗನ್ನು ಕ್ಯಾಂಪ್‌ಬೆಲ್ ಚೆನ್ನಾಗಿ ನೋಡಿದ್ದ. ಐದನೆಯ ವರ್ಷಕ್ಕೆ ಮಗುವನ್ನು ಸೇರಿಸುವುದು, ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವುದು, ಇವೆಲ್ಲವನ್ನೂ ಬರೆದಿದ್ದಾನೆ. ಈ ಮಿತವ್ಯಯದ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಮೆಚ್ಚಿಯೂ ಇದ್ದಾನೆ. ಅದು ಬರಿಯ ಹೊಗಳಿಕೆಯಲ್ಲ. ಮದರಾಸಿನ ಎಗ್ಮೂರಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ನಮ್ಮವರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಾನೂ ಹಾಗೆಯೇ ಮಾಡಿಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಹಾಕಿಸಿದ್ದ. ಅಲ್ಲಿನ ಬಡಮಕ್ಕಳ ಶಾಲೆಗಳಲ್ಲಿ ನಮ್ಮ ಮರಳು ಹರಡಿತು.

ಮರಳಿನ ಈ ಕೀರ್ತಿಯನ್ನು ಓದಿ ಹಿಗ್ಗುವವರು ಅದೇ ವರದಿಯ ಇನ್ನೊಂದು ಪುಟವನ್ನೂ ಓದಬೇಕು. ಬೆಳಿಗ್ಗೆ ಮಠಕ್ಕೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಲೆಕ್ಕವನ್ನು ಬೆನ್ನಿನ ಮೇಲೆಯೇ ಕಲಿಸುವ ವಿಧಾನ! ಸೋಮಾರಿಯನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದೂ ಉಂಟು. ಇದನ್ನೇ ನಮ್ಮ ಹಿರಿಯರು 'ಕೋದಂಡ'ವೆಂದು ನಡುಗುವ ದನಿಯಲ್ಲಿ ಹೇಳುತ್ತಿದ್ದುದು. ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ಭಾಷೆಯಂತೂ ಮನೆಯ ಮಾತಿಗೂ ವ್ಯವಹಾರಕ್ಕೂ ದೂರವಾಗಿತ್ತು; ಹೇಳುವವರಿಗೂ ಕೇಳುವವರಿಗೂ ಅರ್ಥ ದಕ್ಕುತ್ತಿರಲಿಲ್ಲ.

ಧರ್ಮಪಾಲರು ೧೯೮೩ರಲ್ಲಿ ಈ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು. ಬ್ರಿಟಿಷರು ಬರುವ ಮೊದಲು ನಮ್ಮಲ್ಲಿ ವಿದ್ಯೆ ಹೆಚ್ಚಿತ್ತೋ ಕಡಿಮೆಯಿತ್ತೋ? ಈ ವಾದದಲ್ಲಿ ಎರಡು ಪಕ್ಷದವರೂ ಎಣಿಸುವುದು ಶಾಲೆಗಳನ್ನು. ಒಂದೇ ಒಂದು ಕಡೆ ಮನೆಯ ಬಾಗಿಲು ಕೊಂಚ ತೆರೆಯುತ್ತದೆ. ಮದರಾಸು ನಗರದಲ್ಲಿ ಮನೆಯಲ್ಲಿಯೇ ಪಾಠ ಹೇಳಿಸಿಕೊಳ್ಳುವ ಮಕ್ಕಳು ಶಾಲೆಗೆ ಹೋಗುವವರ ಸುಮಾರು ಐದರಷ್ಟಿದ್ದಾರೆಂದು ಅಲ್ಲಿಯ ಕಲೆಕ್ಟರು ಬರೆದ. ಮನ್ರೋಗೆ ನಂಬಿಕೆ ಬರಲಿಲ್ಲ. ಲೆಕ್ಕದಲ್ಲಿ ಎಲ್ಲೋ ತಪ್ಪಿರಬಹುದೆಂದು ೧೮೨೬ರ ತನ್ನ ಟಿಪ್ಪಣಿಯಲ್ಲಿ ಸಂಶಯ ವ್ಯಕ್ತಪಡಿಸಿದ. ಇರಲಿ. ಅಲ್ಲಿಯೂ ಎಣಿಕೆಗೆ ಬಂದದ್ದು ಪಾಠ ಹೇಳಿಸಿಕೊಂಡವರು. ಮಳೆಗಾಲದ ಮಧ್ಯಾಹ್ನ ಮಣೆಯ ಮುಂದೆ ಕುಳಿತವರನ್ನು ಎಣಿಸಬೇಕೆಂದು ಯಾವ ಕಲೆಕ್ಟರಿಗೆ ಹೊಳೆದೀತು? ಜಗಲಿಯ ಮೇಲೆ ಕುಳಿತಿದ್ದ ನನಗೇ ಹೊಳೆಯಲಿಲ್ಲವಲ್ಲ.

ಆ ಅರವತ್ತು ಎಂಬ ಸಂಖ್ಯೆಯನ್ನು ಓದಿದ ದಿನ ನನಗೆ ನೆನಪಾದದ್ದು ನನ್ನ ಅಕ್ಕ.

ಅಕ್ಕ ನನಗಿಂತ ಎರಡು ವರ್ಷಕ್ಕೆ ಹಿರಿಯಳು. ನಾಲ್ಕನೆಯ ತರಗತಿಗೆ ಅವಳ ಶಾಲೆ ಮುಗಿಯಿತು. ಮನೆಯಲ್ಲಿ ಕೂಸಿತ್ತು, ಅಮ್ಮನಿಗೆ ಕೈಯಾಳು ಬೇಕಿತ್ತು. ಕಾರಣ ಕೇಳುವಷ್ಟು ದೊಡ್ಡ ಸಂಗತಿಯೆಂದು ಯಾರಿಗೂ ಅನ್ನಿಸಲಿಲ್ಲ. ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ೧೮೮೧ರಲ್ಲಿಯೇ ಆರಂಭವಾಗಿತ್ತು. ಆದರೆ ಮೈಸೂರಿಗೂ ನಮ್ಮ ಅಡುಗೆಮನೆಗೂ ನಡುವಿನ ದಾರಿಯನ್ನು ಮೈಲಿಗಳಲ್ಲಿ ಅಳೆಯುವಂತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಾನು ಕಂಬಕ್ಕೆ ಒರಗಿ ಮಗ್ಗಿ ಒಪ್ಪಿಸಬೇಕಿತ್ತು. ಇಂದಿನವರಿಗೆ ಮಗ್ಗಿಯೆಂದರೆ ಎರಡರಿಂದ ಇಪ್ಪತ್ತರವರೆಗೆ. ನಮ್ಮ ಅಪ್ಪನಿಗೆ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳೂ ಬೇಕು. ಅವು ಅವರು ಕೂಲಿಮಠದಿಂದ ತಂದುಕೊಂಡಿದ್ದ ಆಸ್ತಿ. ರೂಪಾಯಿಗೆ ಹದಿನಾರಾಣೆ, ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು ಇದ್ದ ಲೋಕದಲ್ಲಿ ಕಾಲು-ಅರೆಗಳಿಲ್ಲದೆ ಒಂದು ಹೆಜ್ಜೆಯೂ ಇಡುವಂತಿರಲಿಲ್ಲ. ೧೯೫೭ರ ಏಪ್ರಿಲ್ ಒಂದರಂದು ನಯಾಪೈಸೆ ಬಂದಿತು. ಅನಂತರ ಕಿಲೋಗ್ರಾಮು, ಲೀಟರು. ಮುಕ್ಕಾಲರ ಮಗ್ಗಿ ಒಂದೇ ಪೀಳಿಗೆಯಲ್ಲಿ ಕಣ್ಮರೆಯಾಯಿತು. ಅದಕ್ಕಾಗಿ ಯಾರೂ ಅತ್ತಂತಿಲ್ಲ. ನಾನಂತೂ ಅಳಲಿಲ್ಲ.

ಆದರೆ ನಾನು ಮುಕ್ಕಾಲರ ಮಗ್ಗಿಯಲ್ಲಿ ಏಳಕ್ಕೆ ಬಂದು ತಡವರಿಸಿ ನಿಂತಾಗ, ಒಳಗೆ ಒಲೆಯ ಮುಂದೆ ಊದುಕೊಳವೆ ಹಿಡಿದ ಅಕ್ಕನ ದನಿ ಕೇಳುತ್ತಿತ್ತು: "ಐದೂಕಾಲು." ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಕೇಳಿಸಿಕೊಂಡಿದ್ದಳು. ಅಷ್ಟೇ ಅಲ್ಲ, ಅವಳಿಗೆ ಅದರ ಉಪಯೋಗವಿತ್ತು. ಏಳು ಜನಕ್ಕೆ ತಲೆಗೆ ಮುಕ್ಕಾಲು ಪಾವಿನಂತೆ ಅಕ್ಕಿ ಅಳೆಯುತ್ತಿದ್ದವಳು ಅವಳೇ. ನನಗೆ ಅದು ರಾಗ. ಅವಳಿಗೆ ಅದು ರಾತ್ರಿಯ ಊಟ. ಬೆಳಿಗ್ಗೆ ಅಂಗಳದಲ್ಲಿ ಅವಳು ಏಳು ಚುಕ್ಕಿಯಿಂದ ನಾಲ್ಕರವರೆಗೆ ಇಳಿಸಿ ರಂಗೋಲಿಯಿಡುವಾಗ, ಒಟ್ಟು ಎಷ್ಟು ಚುಕ್ಕಿಯಾಯಿತೆಂದು ಒಮ್ಮೆ ಕೇಳಿದ್ದೆ. ನಡುವೆ ಏಳು, ಆಚೆ ಈಚೆ ಆರು, ಐದು, ನಾಲ್ಕು. ನಾನು ಸ್ಲೇಟು ತರುವುದರೊಳಗೆ "ಮೂವತ್ತೇಳು" ಎಂದು ಹೇಳಿ ಅವಳು ಎಳೆ ಎಳೆಯಲು ತೊಡಗಿದ್ದಳು. ಅಳಗುಳಿಮಣೆಯಲ್ಲಿ ಅಜ್ಜಿಯನ್ನು ಸೋಲಿಸಿದ್ದು ನಮ್ಮ ಮನೆಯಲ್ಲಿ ಅವಳೊಬ್ಬಳೇ.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ನನಗೆ ಬೇಕು. ಹಳೆಯ ಮನೆಗಳಲ್ಲಿ ಆಟದ ಮೂಲಕವೇ ಎಲ್ಲವನ್ನೂ ಕಲಿಸುತ್ತಿದ್ದರು, ಈಗ ಎಲ್ಲ ಕೆಟ್ಟಿತು ಎಂದು ಹಾಡುವ ಬಳಗಕ್ಕೆ ನಾನು ಸೇರಿದವನಲ್ಲ. ಆಡುತ್ತ ಕಲಿತ ಅಕ್ಕನಿಗೆ ಆ ಕಲಿಕೆಯಿಂದ ಸಿಕ್ಕಿದ್ದು ಅಳತೆಯ ಪಾವು. ಬಡಿಸಿಕೊಳ್ಳುತ್ತ ಕಲಿತ ನನಗೆ ಸಿಕ್ಕಿದ್ದು ಸಂಬಳ. ಆಟಕ್ಕೆ ಬೆಲೆಯಿಲ್ಲದೆ ಹೋದದ್ದು ಅದು ಆಟವೆಂಬ ಕಾರಣಕ್ಕೋ, ಹೆಂಗಸರದೆಂಬ ಕಾರಣಕ್ಕೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಗಂಡಸರ ಆಟಕ್ಕೆ ಚರಿತ್ರೆಯಲ್ಲಿ ಜಾಗ ದೊರೆತಿದೆ, ನೋಡಿ. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ಕಲ್ಪಿಸುವುದರಲ್ಲಿ ಬಹಳ ಆಸಕ್ತಿ ತಳೆದರು. ಚದುರಂಗದ ಲೆಕ್ಕಾಚಾರಗಳು, ಹೊಸ ಹೊಸ ಹಾಸುಗಳು! ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವು ಇಂದಿಗೂ ಬಣ್ಣದಲ್ಲಿ ಉಳಿದಿವೆ. ಹಂಪಿಯ ಕಲ್ಲುಹಾಸಿನ ಮೇಲೆ ಹೆಸರಿಲ್ಲದವರು ಕೊರೆದ ಆಟದ ಮನೆಗಳೂ ಗುಳಿಗಳೂ ಇವೆ. ಅವುಗಳ ಮೇಲೆ ಪ್ರವಾಸಿಗರು ಕಾಲಿಟ್ಟು ನಡೆಯುತ್ತಾರೆ.

ನಮ್ಮ ಗಣಿತಜ್ಞರಿಗೆ ಆಟದ ಮರ್ಮ ತಿಳಿದಿರಲಿಲ್ಲವೆಂದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೮೫೦ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ವನ್ನು ತೆರೆದರೆ ಆನೆಗಳ ಹಿಂಡು, ದುಂಬಿಗಳು, ದಾರಿಯಲ್ಲಿ ಹಣದ ಗಂಟನ್ನು ಕಂಡು ಆಸೆಪಡುವ ವರ್ತಕರು ಎದುರಾಗುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದ. ಎಲ್ಲರಿಗೂ ಪರಿಚಿತವಾದದ್ದು ಭಾಸ್ಕರಾಚಾರ್ಯನ 'ಲೀಲಾವತಿ', ೧೧೫೦ರದು. ಹೆಸರೇ ಆಟವನ್ನು ಸೂಚಿಸುತ್ತದೆ. ಅದರ ಒಂದು ಲೆಕ್ಕದ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ದುಂಬಿಗಳ ಹಿಂಡೊಂದರಲ್ಲಿ ಐದನೆಯ ಒಂದು ಪಾಲು ಕದಂಬದ ಹೂವಿಗೆ ಹೋಯಿತು, ಮೂರನೆಯ ಒಂದು ಪಾಲು ಶಿಲೀಂಧ್ರಕ್ಕೆ. ಈ ಎರಡು ಪಾಲುಗಳ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ ಹಾರಿತು. ಉಳಿದ ಒಂದೇ ಒಂದು ದುಂಬಿ ಕೇದಗೆ ಮತ್ತು ಮಾಲತಿಯ ಪರಿಮಳಗಳ ನಡುವೆ ಅತ್ತಿತ್ತ ತುಯ್ದಾಡುತ್ತಿದೆ. ಹಿಂಡಿನಲ್ಲಿದ್ದವು ಎಷ್ಟು? ಕೇಳುಗರು ಪೆನ್ಸಿಲು ಹುಡುಕಬೇಕಾಗಿಲ್ಲ, ಹದಿನೈದು. ಆದರೆ ಉತ್ತರ ತಿಳಿದ ಮೇಲೆಯೂ ಮನಸ್ಸಿನಲ್ಲಿ ಉಳಿಯುವುದು ಆ ಒಂಟಿ ದುಂಬಿ.

ಲೀಲಾವತಿ ಭಾಸ್ಕರನ ಮಗಳೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮಗಳ ಮದುವೆಯ ಮುಹೂರ್ತವನ್ನು ನೋಡಲು ಇಟ್ಟಿದ್ದ ಗಳಿಗೆ ಬಟ್ಟಲಿನೊಳಗೆ ಅವಳ ಒಡವೆಯ ಮುತ್ತೊಂದು ಬಿದ್ದು, ನೀರು ಒಳಸೇರುವ ರಂಧ್ರ ಮುಚ್ಚಿ, ಮುಹೂರ್ತ ಮೀರಿಹೋಯಿತು; ನೊಂದ ತಂದೆ ಅವಳ ಹೆಸರು ಉಳಿಯಲೆಂದು ಪುಸ್ತಕ ಬರೆದ ಎಂಬ ಕಥೆ. ಮಕ್ಕಳಿಗೆ ಹೇಳಲು ಚೆನ್ನಾಗಿದೆ. ಆದರೆ ಚರಿತ್ರೆಯವನಾದ ನಾನು ಹೇಳಲೇಬೇಕಾದ ಮಾತೊಂದಿದೆ. ಭಾಸ್ಕರನ ಪುಸ್ತಕದಲ್ಲಿ ಈ ಕಥೆಯಿಲ್ಲ. ಅಕ್ಬರನ ಆಸ್ಥಾನದ ಫೈಜಿ ೧೫೮೭ರಲ್ಲಿ ಮಾಡಿದ ಪಾರಸಿ ಅನುವಾದದಿಂದ ಅದು ಬಂದದ್ದು, ಮೂಲ ಗ್ರಂಥವಾಗಿ ೪೩೭ ವರ್ಷಗಳ ಮೇಲೆ. ಭಾಸ್ಕರ ತನ್ನ ಪ್ರಶ್ನೆಗಳಲ್ಲಿ ಜಿಂಕೆಗಣ್ಣಿನ ಬಾಲೆಯನ್ನು ಸಂಬೋಧಿಸುತ್ತಾನೆ, ನಿಜ. ಗೆಳೆಯನನ್ನೂ ವರ್ತಕನನ್ನೂ ಸಂಬೋಧಿಸುತ್ತಾನೆ. ಬಾಲೆ ಮಗಳೇ ಆಗಿರಬೇಕೆಂಬುದಕ್ಕೆ ಆಧಾರವಿಲ್ಲ. ಹೀಗಿದ್ದೂ ಈ ಕಥೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಏಕೆ ಬೇರೂರಿತು? ತಂದೆಯೊಬ್ಬ ಮನೆಯಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹೇಳಿದ ಎಂಬ ಒಂದು ಚಿತ್ರ ನಮ್ಮ ಪರಂಪರೆಯಲ್ಲಿ ಎಲ್ಲಾದರೂ ಇರಲಿ ಎಂದು ನಮಗೆ ಬೇಕಾಗಿತ್ತೆಂದು ತೋರುತ್ತದೆ. ಅಪ್ಪ ನನ್ನನ್ನು ಕಂಬದ ಬಳಿ ನಿಲ್ಲಿಸಿದ್ದರು. ಐದೂಕಾಲು ಎಂದವಳನ್ನು ಹೊರಗೆ ಕರೆಯಲಿಲ್ಲ.

ಅಚ್ಚಿನ ಪುಸ್ತಕಗಳು ಬಂದ ಮೇಲೆ ಸ್ವಲ್ಪ ಗಾಳಿ ಬೀಸಿತು. ಮಂಗಳೂರಿನ ಕಡೆ ಶಾಲಾ ಇನ್ಸ್‌ಪೆಕ್ಟರರಾಗಿ ಹಳ್ಳಿ ಹಳ್ಳಿ ಸುತ್ತಿದ ಪಂಜೆ ಮಂಗೇಶರಾಯರು ಮಕ್ಕಳ ಬಾಯಿಗೆ ಹಿಡಿಸುವ ಕನ್ನಡವನ್ನು ಪಾಠಪುಸ್ತಕದೊಳಕ್ಕೆ ತಂದರು. ಪುತ್ತೂರಿನಲ್ಲಿ ಮಕ್ಕಳೊಡನೆ ಪ್ರಯೋಗ ನಡೆಸುತ್ತಿದ್ದ ಶಿವರಾಮ ಕಾರಂತರು ೧೯೩೬ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದರು. ಆಗ ಅವರಿಗೆ ಮೂವತ್ತನಾಲ್ಕು. ಸಂಸ್ಥೆಯೊಂದು ಪಂಡಿತರ ಪಡೆಯನ್ನು ಕೂಡಿಸಿಕೊಂಡು ಮಾಡಬೇಕಾದ ಕೆಲಸ ಅದು. ಅದರ ಒಂದು ಸಂಪುಟ, ರಟ್ಟು ಕಿತ್ತುಹೋದದ್ದು, ಅಪ್ಪ ಯಾರಿಂದಲೋ ಎರವಲು ತಂದದ್ದು ನಮ್ಮ ಮನೆಯಲ್ಲಿ ಒಂದು ಬೇಸಗೆ ಉಳಿಯಿತು. ನಾನು ಚಿತ್ರಗಳನ್ನು ನೋಡಿ ಮುಗಿಸಿದೆ. ಅಕ್ಕ ಮಧ್ಯಾಹ್ನದ ಹೊತ್ತು ಕೂಸನ್ನು ತೊಟ್ಟಿಲಲ್ಲಿ ತೂಗುತ್ತ, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯ ಬೆರಳು ಸಾಲಿನ ಮೇಲೆ, ಅದನ್ನು ಪೂರ್ತಿಯಾಗಿ ಓದಿದಳು. ಎರವಲು ಕೊಟ್ಟವರು ಕೇಳಿಕೊಂಡು ಬಂದ ದಿನ ಅವಳು ಅಟ್ಟದ ಮೇಲಿದ್ದಳು, ಕರೆದರೂ ಇಳಿಯಲಿಲ್ಲ.

ನನ್ನ ಸ್ವಂತ ಪ್ರಯೋಗದ ಕಥೆಯನ್ನೂ ಹೇಳಿಬಿಡುತ್ತೇನೆ; ಅದು ಸೋಲಿನ ಕಥೆ. ನನ್ನ ಮಗನಿಗೆ ಆರೇಳು ವರ್ಷವಿದ್ದಾಗ ಲೆಕ್ಕವೆಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಶಿಕ್ಷಣದ ಬಗ್ಗೆ ಅಷ್ಟು ಹೊತ್ತಿಗೆ ನಾಲ್ಕು ಪುಸ್ತಕ ಓದಿದ್ದ ನಾನು ಆಟದಿಂದಲೇ ಕಲಿಸುವೆನೆಂದು ಹೊರಟೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಇಪ್ಪತ್ತೈದು ಮನೆ ಬರೆದೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಮೊದಲ ದಿನ ಅವನು ಕುಣಿದಾಡಿದ. ಎರಡನೆಯ ದಿನದಿಂದ ನನ್ನ ಅಧ್ಯಾಪಕ ಬುದ್ಧಿ ಹೊರಗೆ ಬಂದಿತು. ಪ್ರತಿ ಸಲ ಕವಡೆ ಬಿದ್ದಾಗಲೂ "ಈಗೆಷ್ಟಾಯಿತು? ಇನ್ನೆಷ್ಟು ಬೇಕು? ಎಂಟರಲ್ಲಿ ಮೂರು ಹೋದರೆ?" ಎಂದು ಕೇಳತೊಡಗಿದೆ. ಬೇಕೆಂದೇ ಎರಡು ಸಲ ಸೋತುಕೊಟ್ಟೆ. ನಾಲ್ಕನೆಯ ದಿನ ಅವನು ಬಾಗಿಲಲ್ಲಿ ನಿಂತು, "ಅಪ್ಪಾ, ಇವತ್ತು ನಿಜವಾದ ಆಟ ಆಡೋಣ್ವಾ, ಇಲ್ಲಾ ಲೆಕ್ಕದ ಆಟಾನಾ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆಟದೊಳಗೆ ಪಾಠವನ್ನು ಬಚ್ಚಿಟ್ಟರೆ, ಔಷಧಿಯ ಗುಳಿಗೆಯನ್ನು ಬಾಳೆಹಣ್ಣಿನೊಳಗೆ ಇಟ್ಟಂತೆ, ಮಕ್ಕಳ ನಾಲಗೆಗೆ ಮೊದಲು ತಗಲುವುದು ಅದೇ.

ಇಂದು ಅಂಗಡಿಗಳಲ್ಲಿ 'ಆಡುತ್ತ ಕಲಿ' ಎಂದು ಬರೆದ ಪೆಟ್ಟಿಗೆಗಳನ್ನು ಕಂಡಾಗ, ಮೊಬೈಲಿನ ಪರದೆಯ ಮೇಲೆ ತಪ್ಪು ಮಾಡಿದರೂ ಚಪ್ಪಾಳೆ ತಟ್ಟುವ ಗೊಂಬೆಗಳನ್ನು ಕಂಡಾಗ, ನನಗೆ ಆ ಹುಡುಗನ ಪ್ರಶ್ನೆ ನ್ಯಾಯವೆನಿಸುತ್ತದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 'ನಲಿ-ಕಲಿ' ಆರಂಭವಾದಾಗ ಸರಕಾರಿ ಶಾಲೆಯ ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು ಕಾರ್ಡುಗಳನ್ನು ಹಿಡಿದು ಕಲಿಯುವುದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಶಾಲೆ ಅಷ್ಟು ಮಾಡಬಲ್ಲದು. ಆದರೆ ಮನೆಯ ಆಟದಲ್ಲಿ ಎದುರಿಗೆ ಕುಳಿತ ದೊಡ್ಡವರು ತಾವೂ ಆಡುತ್ತಿರುತ್ತಾರೆ. ಅಜ್ಜಿ ನನ್ನ ಎರಡು ಗುಳಿ ಮುಚ್ಚಿ ಕಡ್ಡಿಯಿಟ್ಟಾಗ ಅವಳ ಮುಖದಲ್ಲಿದ್ದ ಸಂತೋಷ ನಟನೆಯದಲ್ಲ. ಆ ಸಂತೋಷವನ್ನು ಅವಳಿಂದ ಕಿತ್ತುಕೊಳ್ಳಬೇಕೆಂಬ ಹಟದಿಂದಲೇ ನಾನು ಎಣಿಸಲು ಕಲಿತೆ.

ಈ ಭಾಷಣಕ್ಕಾಗಿ ಆಟದ ನಿಯಮಗಳನ್ನು ಖಚಿತ ಮಾಡಿಕೊಳ್ಳೋಣವೆಂದು ಕಳೆದ ತಿಂಗಳು ಅಕ್ಕನ ಊರಿಗೆ ಹೋಗಿದ್ದೆ. ಮಣೆ ಈಗ ಅವಳ ಬಳಿಯಿದೆ. ಅಜ್ಜಿಯೇ ಅವಳಿಗೆ ಕೊಟ್ಟದ್ದು, ನನಗಲ್ಲ. ಜೇಬಿನಿಂದ ಕಾಗದ ತೆಗೆದು ನಾನು ಕೇಳತೊಡಗಿದೆ. ನಾಲ್ಕು ಬೀಜ ಕೂಡಿದ ಗುಳಿ ಯಾರ ಪಾಲು, ಮುಚ್ಚಿದ ಗುಳಿಗೆ ಬೀಜ ಬಿಡಬಹುದೇ, ಮೊದಲ ಕೈ ಯಾರದು ಎಂದು.

"ಬರಕೊಳ್ಳೋಕೆ ಬಂದಿದೀಯಾ?" ಎಂದಳು. "ಹೇಳಿದ್ರೆ ತಿಳಿಯೋದಾ ಅದು? ಕೂತ್ಕೋ."

ಅವಳ ಸೊಸೆ ಕಾಫಿ ತಂದಿಟ್ಟಳು. ಅಕ್ಕನ ಬಲಗೈ ಬೆರಳುಗಳು ಈಗ ಸಂಧಿವಾತದಿಂದ ಸೊಟ್ಟಗಾಗಿವೆ. ಬೀಜ ಎತ್ತುವುದು ನಿಧಾನ, ಒಂದೊಂದು ಜಾರಿ ಚಾಪೆಯ ಮೇಲೆ ಉರುಳುತ್ತದೆ. ಎಣಿಕೆ ಮಾತ್ರ ನಿಧಾನವಲ್ಲ. ನಾನು ಕೈ ಹಾಕುವ ಮೊದಲೇ ಅವಳ ಕಣ್ಣು ನನ್ನ ಕೊನೆಯ ಬೀಜ ಬೀಳುವ ಗುಳಿಯನ್ನು ನೋಡುತ್ತಿತ್ತು. ಸುತ್ತು ಮುಗಿದಾಗ ನನ್ನ ಬಳಿ ಉಳಿದದ್ದು ಹದಿನೆಂಟು. ನಾಲ್ಕು ಗುಳಿ ತುಂಬಿದೆ. ಎರಡು ಬೀಜ ಕೈಯಲ್ಲಿ. ಅವಳು ಪೊರಕೆಯಿಂದ ಮೂರು ಕಡ್ಡಿ ಮುರಿದು, ಮುಚ್ಚಿದ ನನ್ನ ಮೂರು ಗುಳಿಗಳ ಮೇಲೆ ಒಂದೊಂದಾಗಿ, ನೆಟ್ಟಗೆ, ಇಟ್ಟಳು.

"ಕಾಫಿ ಆರತ್ತೆ ಅಕ್ಕ" ಎಂದೆ.

"ಆರಲಿ" ಎಂದಳು. "ನಿನ್ನ ಕೈ. ಎಣಿಸಿ ಹಾಕು."